ಗೇರ್‌ಬಾಕ್ಸ್ ಇಳಿಸುವ ಮೊದಲು: ಹೈಡ್ರಾಲಿಕ್ ಕ್ಲಚ್ ತೊಂದರೆ ಹುಡುಕುವುದು, ಸರಿ ಮಾಡುವುದು

ಕ್ಲಚ್ ತುಳಿದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಗೇರ್ ಮಾತ್ರ ಬೀಳುವುದಿಲ್ಲ. ರಿವರ್ಸ್ ಹಾಕಲು ಹೋದರೆ ಕರ್ರ್ ಅಂತ ಸದ್ದು. ಗ್ಯಾರೇಜಿನಲ್ಲಿ ಇಷ್ಟು ಹೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ಕ್ಲಚ್ ಪ್ಲೇಟ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸಬೇಕು."

ಕೆಲವು ಸಲ ಅದು ನಿಜವೇ ಇರುತ್ತದೆ. ಆದರೆ ಹೈಡ್ರಾಲಿಕ್ ಕ್ಲಚ್, ಅಂದರೆ ಕೇಬಲ್ ಬದಲು ಆಯಿಲ್ ಒತ್ತಡದಿಂದ ನಡೆಯುವ ಕ್ಲಚ್ ಇರುವ ಗಾಡಿಯಲ್ಲಿ ಇದೇ ಲಕ್ಷಣವನ್ನು ಒಂದು ಸಣ್ಣ ರಬ್ಬರ್ ಸೀಲ್ ಕೂಡ ತೋರಿಸುತ್ತದೆ, ಪೈಪಿನೊಳಗೆ ಸೇರಿಕೊಂಡ ಗಾಳಿಯೂ ತೋರಿಸುತ್ತದೆ. ಬದಲಿ ರಬ್ಬರ್ ಸೀಲುಗಳ ಕಿಟ್ಟಿಗೂ ಪೂರ್ತಿ ಕ್ಲಚ್ ಸೆಟ್ಟಿಗೂ ಖರ್ಚಿನಲ್ಲಿ ಅಜಗಜಾಂತರ. ಅದಕ್ಕೇ ಗೇರ್‌ಬಾಕ್ಸ್‌ಗೆ ಕೈ ಹಾಕುವ ಮೊದಲು, ತೊಂದರೆ ಗೇರ್‌ಬಾಕ್ಸಿನ ಹೊರಗಿದೆಯೋ ಒಳಗಿದೆಯೋ ಅನ್ನುವುದನ್ನು ಖಚಿತ ಮಾಡಿಕೊಳ್ಳಬೇಕು. ಇದಕ್ಕೆ ದೊಡ್ಡ ಉಪಕರಣ ಬೇಡ. ಒಂದು ಟಾರ್ಚ್, ಒಂದು ಸ್ಕೇಲ್, ಪೆಡಲ್ ತುಳಿಯಲು ಇನ್ನೊಬ್ಬರು ಇದ್ದರೆ ಸಾಕು.

ಮೊದಲು ನಿಮ್ಮ ಗಾಡಿಯಲ್ಲಿ ಇರುವುದು ಯಾವ ಕ್ಲಚ್ ನೋಡಿ

ಮಾರುತಿ 800, ಓಮ್ನಿ, ಆಲ್ಟೊ ಇವೆಲ್ಲ ಕೇಬಲ್ ಕ್ಲಚ್‌ನ ಗಾಡಿಗಳು. ಅವಕ್ಕೆ ಈ ಲೇಖನದ ಬಹುಪಾಲು ಅನ್ವಯಿಸುವುದಿಲ್ಲ. ಇನ್ನೋವಾ, ಸ್ಕಾರ್ಪಿಯೊದಂಥ ಗಾಡಿಗಳಲ್ಲಿ ಇರುವುದು ಹೈಡ್ರಾಲಿಕ್. ಅನುಮಾನ ಇದ್ದರೆ ಬಾನೆಟ್ ಎತ್ತಿ ನೋಡಿ. ಕ್ಲಚ್ ಪೆಡಲ್‌ನ ನೇರಕ್ಕೆ, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯಿಂದ ಹೊರಬರುವುದು ಕೇಬಲ್ಲೋ, ಒಂದು ಸಿಲಿಂಡರಿಗೆ ಜೋಡಿಸಿದ ಪೈಪೋ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಕೆಲಸ ನಡೆಯುವ ರೀತಿ ಸರಳ. ಪೆಡಲ್ ತುಳಿದಾಗ ಅದರ ರಾಡ್ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ತಳ್ಳುತ್ತದೆ. ಅಲ್ಲಿಂದ ಬ್ರೇಕ್ ಆಯಿಲ್ (ಕ್ಲಚ್ಚಿಗೂ ಇದೇ ಆಯಿಲ್), ಪೈಪು ಮತ್ತು ರಬ್ಬರ್ ಹೋಸ್ ಮೂಲಕ ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್‌ಗೆ ಹೋಗುತ್ತದೆ. ಸ್ಲೇವ್‌ನ ರಾಡ್ ಫೋರ್ಕ್ ಅನ್ನುವ ಸನ್ನೆಯನ್ನು ತಳ್ಳುತ್ತದೆ, ಫೋರ್ಕ್ ರಿಲೀಸ್ ಬೇರಿಂಗನ್ನು ತಳ್ಳುತ್ತದೆ, ಬೇರಿಂಗ್ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಒತ್ತಿ ಕ್ಲಚ್ ಪ್ಲೇಟನ್ನು ಬಿಡಿಸುತ್ತದೆ. ಪೆಡಲ್ 12–15 ಸೆಂಟಿಮೀಟರ್ ಕೆಳಗೆ ಹೋದರೂ ಸ್ಲೇವ್ ರಾಡ್ ಮುಂದೆ ಬರುವುದು ಒಂದು, ಒಂದೂವರೆ ಸೆಂಟಿಮೀಟರ್ ಆಸುಪಾಸು ಮಾತ್ರ. ಅದರಲ್ಲಿ ಮೂರ್ನಾಲ್ಕು ಮಿಲಿಮೀಟರ್ ಕಡಿಮೆಯಾದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಒಂದು ಗುಳ್ಳೆ ಗಾಳಿ ಇಷ್ಟು ಕಾಟ ಕೊಡುವುದು ಇದೇ ಕಾರಣಕ್ಕೆ.

ಕೆಲವು ಗಾಡಿಗಳಲ್ಲಿ ಸ್ಲೇವ್ ಸಿಲಿಂಡರ್ ಹೊರಗೆ ಕಾಣುವುದೇ ಇಲ್ಲ. ಅದು ರಿಲೀಸ್ ಬೇರಿಂಗಿನ ಜೊತೆ ಒಂದೇ ತುಂಡಾಗಿ ಗೇರ್‌ಬಾಕ್ಸಿನ ಗಂಟೆಯಾಕಾರದ ಕವಚದೊಳಗೆ ಕೂತಿರುತ್ತದೆ. ಇದನ್ನು ಕಾನ್ಸೆಂಟ್ರಿಕ್ ಸ್ಲೇವ್ ಅಥವಾ ಸಿಎಸ್‌ಸಿ ಅನ್ನುತ್ತಾರೆ. ನಾನು ಇಲ್ಲಿ ಹೆಚ್ಚಾಗಿ ಹೇಳುವುದು ಇನ್ನೋವಾದ ಹಾಗೆ ಸ್ಲೇವ್ ಹೊರಗಿರುವ ಗಾಡಿಯ ಬಗ್ಗೆ. ಸಿಎಸ್‌ಸಿಗೆ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಲ್ಲೇ ಹೇಳುತ್ತೇನೆ.

ಬಿಡುತ್ತಿಲ್ಲವೋ, ಹಿಡಿಯುತ್ತಿಲ್ಲವೋ?

"ಕ್ಲಚ್ ಸರಿ ಇಲ್ಲ" ಅನ್ನುವುದರಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಇವುಗಳನ್ನು ಬೆರೆಸಿದರೆ ಮುಂದಿನ ಹುಡುಕಾಟವೆಲ್ಲ ದಾರಿ ತಪ್ಪುತ್ತದೆ.

ಒಂದು, ಕ್ಲಚ್ ಬಿಡದಿರುವುದು. ಎಂಜಿನ್ ಆಫ್ ಇದ್ದಾಗ ಎಲ್ಲಾ ಗೇರ್ ಸಲೀಸಾಗಿ ಬೀಳುತ್ತವೆ, ಸ್ಟಾರ್ಟ್ ಮಾಡಿದ ಮೇಲೆ ಬೀಳುವುದಿಲ್ಲ. ಅಥವಾ ಫಸ್ಟ್ ಗೇರ್ ಹಾಕಿ ಪೆಡಲ್ ಪೂರ್ತಿ ತುಳಿದು ನಿಂತಿದ್ದರೂ ಗಾಡಿ ಮೆಲ್ಲಗೆ ಮುಂದೆ ಎಳೆಯುತ್ತದೆ. ಹೈಡ್ರಾಲಿಕ್ ತೊಂದರೆಗಳಲ್ಲಿ ಹೆಚ್ಚಿನವು ಈ ಜಾತಿಯವು.

ಇನ್ನೊಂದು, ಕ್ಲಚ್ ಹಿಡಿಯದಿರುವುದು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ವೇಗ ಏರುವುದಿಲ್ಲ. ಘಾಟಿ ಹತ್ತುವಾಗ, ಫೋರ್ತ್ ಗೇರಿನಲ್ಲಿ ಓವರ್‌ಟೇಕ್ ಮಾಡುವಾಗ ಇದು ಮೊದಲು ಗೊತ್ತಾಗುತ್ತದೆ. ಸುಟ್ಟ ವಾಸನೆಯೂ ಬರಬಹುದು. ಇದಕ್ಕೆ ಸಾಮಾನ್ಯ ಕಾರಣ ಪ್ಲೇಟ್ ಸವೆದಿರುವುದು. ಆದರೂ ಹೈಡ್ರಾಲಿಕ್‌ನಿಂದ ಬರುವ ಒಂದು ಸ್ಲಿಪ್ ಇದೆ, ಅದಕ್ಕೆ ಮುಂದೆ ಬರುತ್ತೇನೆ.

ಬಿಡದಿರುವ ಕ್ಲಚ್ಚಿಗೆ ರಿವರ್ಸ್ ಗೇರ್ ಒಳ್ಳೆಯ ಪರೀಕ್ಷೆ. ಬಹಳಷ್ಟು ಗಾಡಿಗಳಲ್ಲಿ ರಿವರ್ಸ್‌ಗೆ ಸಿಂಕ್ರೋ (ಗೇರುಗಳ ವೇಗ ಹೊಂದಿಸಿ ಸದ್ದಿಲ್ಲದೆ ಕೂಡಿಸುವ ಭಾಗ) ಇರುವುದಿಲ್ಲ. ಹಾಗಾಗಿ ಬೇರೆ ಗೇರುಗಳು ಮುಚ್ಚಿಡುವುದನ್ನು ಇದು ಹೊರಗೆ ಹಾಕುತ್ತದೆ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಐಡಲ್‌ನಲ್ಲಿ ಬಿಡಿ. ಕ್ಲಚ್ ಪೂರ್ತಿ ತುಳಿದು ನಾಲ್ಕೈದು ಸೆಕೆಂಡ್ ಕಾಯಿರಿ. ಆಮೇಲೆ ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಬಿಡುತ್ತಿದೆ. ಕರ್ರ್ ಅಂದರೆ ಬಿಡುತ್ತಿಲ್ಲ. ಕಾಯದೆ ಅವಸರದಲ್ಲಿ ಹಾಕಿದರೆ ಒಳ್ಳೆಯ ಕ್ಲಚ್ ಕೂಡ ಸದ್ದು ಮಾಡುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಪೆಡಲ್ ಏನು ಹೇಳುತ್ತಿದೆ?

ಎಂಜಿನ್ ಆಫ್ ಮಾಡಿ ಸುಮ್ನೆ ನಾಲ್ಕು ಸಲ ನಿಧಾನವಾಗಿ ಪೆಡಲ್ ಒತ್ತಿ ನೋಡಿ.

ಮೊದಲ ಸಲ ಮೆತ್ತಗಿದ್ದು, ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಗಟ್ಟಿಯಾದರೆ, ಗೇರೂ ಬಿದ್ದರೆ, ಒಳಗೆ ಗಾಳಿ ಇದೆ ಅಥವಾ ಮಾಸ್ಟರ್‌ನ ಸೀಲ್ ಸೋತಿದೆ. ಗಾಳಿ ಇದ್ದಾಗ ಪೆಡಲ್ ಬಾಯಿ ಮುಚ್ಚಿದ ಸೈಕಲ್ ಪಂಪ್ ಒತ್ತಿದ ಹಾಗೆ ಪುಟಿಯುತ್ತದೆ. ಪೆಡಲ್ ಮೊದಲು ಗಟ್ಟಿಯಾಗಿದ್ದು, ಕಾಲು ಇಟ್ಟುಕೊಂಡೇ ಇದ್ದರೆ ನಿಧಾನಕ್ಕೆ ಕುಸಿಯುತ್ತಾ ಹೋದರೆ, ಒತ್ತಡ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ. ಹೊರಗೆಲ್ಲೂ ಒದ್ದೆ ಇಲ್ಲದೆ ಹೀಗಾದರೆ ಮಾಸ್ಟರ್ ಸಿಲಿಂಡರಿನೊಳಗೇ ಆಯಿಲ್ ಸೀಲ್ ದಾಟಿ ಹಿಂದಕ್ಕೆ ಹೋಗುತ್ತಿದೆ ಅಂತ ಅರ್ಥ. ಸಿಗ್ನಲ್‌ನಲ್ಲಿ ಫಸ್ಟ್ ಹಾಕಿ ನಿಂತವರಿಗೆ ಗಾಡಿ ತಾನೇ ಎಳೆಯಲು ಶುರು ಮಾಡುವುದು ಈ ತೊಂದರೆಯಲ್ಲೇ. ಅಪಾಯದ ವಿಷಯ ಇದು, ಮುಂದೂಡಬೇಡಿ.

ಪೆಡಲ್ ನೆಲಕ್ಕೆ ಹೋಗಿ ಮೇಲೆ ಬಾರದೇ ಇದ್ದರೆ ಒತ್ತಡ ಪೂರ್ತಿ ಹೋಗಿದೆ. ಆಯಿಲ್ ಖಾಲಿಯಾಗಿದೆಯೋ, ಹೋಸ್ ಒಡೆದಿದೆಯೋ ನೋಡಬೇಕು.

ಇನ್ನೊಂದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ, ಪೆಡಲ್‌ಗೂ ರಾಡ್‌ಗೂ ನಡುವಿನ ಪಿನ್ ಮತ್ತು ಬುಷ್ ನೋಡಿ. ಬುಷ್ ಸವೆದಿದ್ದರೆ ಪೆಡಲ್ ಒಂದಷ್ಟು ದೂರ ಸುಮ್ಮನೆ ಹೋಗುತ್ತದೆ, ರಾಡ್ ಅಲ್ಲಾಡುವುದೇ ಇಲ್ಲ. ಪೆಡಲ್ ಬ್ರಾಕೆಟ್ ಬಿರುಕು ಬಿಟ್ಟರೂ ಹಾಗೆಯೇ. ಮಾಸ್ಟರ್, ಸ್ಲೇವ್ ಎರಡೂ ಹೊಸದು ಹಾಕಿಸಿದ ಮೇಲೂ ಗೇರ್ ಬೀಳುತ್ತಿಲ್ಲ ಅಂದರೆ ಈ ಬುಷ್ಷಿನ ಕಡೆ ನೋಡಿ.

ಆಯಿಲ್ ಮಟ್ಟ ಮತ್ತು ಸೋರಿಕೆ

ಬ್ರೇಕಿನಲ್ಲಿ ಪ್ಯಾಡ್ ಸವೆದಂತೆ ಬಾನೆಟ್ ಕೆಳಗಿನ ಆಯಿಲ್ ಡಬ್ಬಿಯಲ್ಲಿ ಆಯಿಲ್ ಸ್ವಲ್ಪ ಇಳಿಯುವುದು ಸಹಜ. ಕ್ಲಚ್ಚಿನಲ್ಲಿ ಇದು ಉಲ್ಟಾ. ಪ್ಲೇಟ್ ಸವೆದಂತೆ ಪ್ರೆಷರ್ ಪ್ಲೇಟಿನ ಸ್ಪ್ರಿಂಗಿನ ಬೆರಳಿನಂಥ ತುದಿಗಳು ರಿಲೀಸ್ ಬೇರಿಂಗನ್ನು ಹಿಂದಕ್ಕೆ ತಳ್ಳುತ್ತವೆ, ಸ್ಲೇವ್ ಪಿಸ್ಟನ್ ಒಳಗೆ ಸರಿಯುತ್ತದೆ, ಆಯಿಲ್ ವಾಪಸ್ ಡಬ್ಬಿಗೆ ಬರುತ್ತದೆ. ಹಾಗಾಗಿ ಕ್ಲಚ್ಚಿಗೇ ಪ್ರತ್ಯೇಕ ಡಬ್ಬಿ ಇರುವ ಗಾಡಿಯಲ್ಲಿ ಮಟ್ಟ ಇಳಿದಿದ್ದರೆ ಅದಕ್ಕೆ ಬೇರೆ ಅರ್ಥವೇ ಇಲ್ಲ, ಎಲ್ಲೋ ಸೋರುತ್ತಿದೆ. ಆಯಿಲ್ ತುಂಬಿಸಿ ಮುಚ್ಚಳ ಹಾಕಿ ಮರೆತುಬಿಡುವುದು ರಿಪೇರಿ ಅಲ್ಲ.

ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಅದರಲ್ಲಿ ಕ್ಲಚ್ಚಿನ ಪೈಪು ಡಬ್ಬಿಯ ಪಕ್ಕದಲ್ಲಿ ಎತ್ತರಕ್ಕೆ ಇರುತ್ತದೆ. ಕ್ಲಚ್ ಸೋರಿ ಆಯಿಲ್ ಇಳಿದರೂ ಬ್ರೇಕಿನ ಪಾಲು ಉಳಿಯಲಿ ಅಂತ ಮಾಡಿದ ವ್ಯವಸ್ಥೆ ಅದು. ಹಾಗಂತ ನಿರಾಳವಾಗಿ ಓಡಿಸಬೇಡಿ. ಇಳಿದಿರುವುದು ಕ್ಲಚ್ಚಿನ ಆಯಿಲ್ಲೋ ಬ್ರೇಕಿನದೋ ಅನ್ನುವುದು ಡಬ್ಬಿ ನೋಡಿ ಗೊತ್ತಾಗುವುದಿಲ್ಲ.

ಸೋರಿಕೆ ಹುಡುಕುವ ಜಾಗ ನಾಲ್ಕು. ಮೊದಲನೆಯದು ಕ್ಯಾಬಿನ್ ಒಳಗೆ, ಕ್ಲಚ್ ಪೆಡಲ್ ಹಿಂದೆ. ಮಾಸ್ಟರ್‌ನ ಹಿಂಬದಿ ಸೀಲ್ ಹೋದರೆ ಆಯಿಲ್ ರಾಡ್ ಹಿಡಿದು ಒಳಗೆ ಇಳಿಯುತ್ತದೆ, ಕಾರ್ಪೆಟ್ ಹೀರಿಕೊಳ್ಳುತ್ತದೆ. ಮ್ಯಾಟ್ ಎತ್ತಿ ಕೈಯಾಡಿಸಿ. ಎರಡನೆಯದು ಪೈಪು, ಹೋಸ್‌ಗಳ ಜೋಡಣೆ. ಮೂರನೆಯದು ಸ್ಲೇವ್. ಅದರ ತುದಿಯ ರಬ್ಬರ್ ಟೊಪ್ಪಿಗೆಯನ್ನು ಬೆರಳಿನಿಂದ ಸ್ವಲ್ಪ ಮಡಚಿ ನೋಡಿ. ಒಳಗೆ ಒಣ ಧೂಳು ಇರಬೇಕು. ಕಪ್ಪು ನೀರಿನ ಹಾಗೆ ಇಳಿದರೆ ಸೀಲ್ ಹೋಗಿದೆ. ನಾಲ್ಕನೆಯದು ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ತಳ. ಸಿಎಸ್‌ಸಿ ಇರುವ ಗಾಡಿಯಲ್ಲಿ ಒಳಗೆ ಸೋರಿದ್ದು ಇಲ್ಲಿಂದಲೇ ತೊಟ್ಟಿಕ್ಕುತ್ತದೆ.

ಈ ನಾಲ್ಕನೇ ಜಾಗದಲ್ಲಿ ಮೋಸ ಹೋಗುವುದು ಸುಲಭ. ಎಂಜಿನ್ ಆಯಿಲ್ಲೂ ಅಲ್ಲಿಂದಲೇ ಬರಬಹುದು, ಗೇರ್ ಆಯಿಲ್ಲೂ ಬರಬಹುದು. ಬೇರೆ ಮಾಡಲು ಒಂದು ಲೋಟ ನೀರು ಸಾಕು. ತೊಟ್ಟಿಕ್ಕುವುದನ್ನು ಹಳೆಯ ಬಟ್ಟಲಿನಲ್ಲಿ ಹಿಡಿದು ನಾಲ್ಕು ಹನಿ ನೀರಿಗೆ ಬಿಟ್ಟು ಕಲಸಿ. ಎಂಜಿನ್ ಆಯಿಲ್, ಗೇರ್ ಆಯಿಲ್ ಎಷ್ಟು ಕಲಸಿದರೂ ಮೇಲೆ ತೇಲಿ ಬಣ್ಣದ ಪೊರೆ ಕಟ್ಟುತ್ತವೆ. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತು ಕಾಣದಾಗುತ್ತದೆ. ಗೇರ್ ಆಯಿಲ್‌ಗೆ ಗಂಧಕದ ಘಾಟು ವಾಸನೆಯೂ ಇರುತ್ತದೆ. ಮುಂದಿನ ಸೀಟಿನ ಎಡಗಡೆ ಕೆಳಗೆ ಬರೀ ನೀರು ಬಿದ್ದಿದ್ದರೆ ಅದು ಎಸಿಯದು, ಚಿಂತೆ ಬೇಡ.

ಸ್ಲೇವ್ ರಾಡ್: ಇಲ್ಲೇ ತೀರ್ಮಾನ

ಒಂದೇ ಪರೀಕ್ಷೆ ಮಾಡಲು ಸಮಯ ಇದ್ದರೆ ಇದನ್ನು ಮಾಡಿ. ಗೇರ್‌ಬಾಕ್ಸ್ ಇಳಿಸಬೇಕೋ ಬೇಡವೋ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಎಂಜಿನ್ ಆಫ್ ಇರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಚಕ್ರಗಳಿಗೆ ಅಡ್ಡ ಕಲ್ಲು ಇಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಕೆಳಗೆ ತೂರಬೇಕಾದರೆ ಗಾಡಿಯನ್ನು ಜಾಕಿಯ ಮೇಲಷ್ಟೇ ನಿಲ್ಲಿಸಿ ತೂರಬೇಡಿ. ಸ್ಟ್ಯಾಂಡ್ ಇರಲೇಬೇಕು. ಈಗ ಸ್ಲೇವ್ ರಾಡ್ ಫೋರ್ಕಿಗೆ ತಾಗುವ ಜಾಗಕ್ಕೆ ಟಾರ್ಚ್ ಬಿಟ್ಟು, ಫೋರ್ಕಿನ ತುದಿಯ ನೇರಕ್ಕೆ ಚಾಕ್‌ಪೀಸಿನಲ್ಲಿ ಒಂದು ಗುರುತು ಹಾಕಿ. ಒಳಗಿರುವವರಿಗೆ ಪೆಡಲ್ ಪೂರ್ತಿ ಒತ್ತಲು ಹೇಳಿ. ಫೋರ್ಕ್ ಎಷ್ಟು ಸರಿಯಿತು ಅಂತ ಸ್ಕೇಲಿನಲ್ಲಿ ಅಳೆಯಿರಿ. ಪೆಡಲ್ ಹಾಗೇ ಒತ್ತಿ ಹಿಡಿದು ಒಂದು ನಿಮಿಷ ಕಾಯಲಿ, ನೀವು ಗುರುತನ್ನೇ ನೋಡುತ್ತಿರಿ.

ಫೋರ್ಕ್ ಒಂದು ಸೆಂಟಿಮೀಟರಿಗಿಂತ ಚೆನ್ನಾಗಿ ಜಾಸ್ತಿ ಸರಿದು, ಒಂದು ನಿಮಿಷವೂ ಅಲ್ಲಾಡದೆ ನಿಂತರೆ ಹೈಡ್ರಾಲಿಕ್ ಕಡೆ ಸರಿ ಇದೆ. ಆದರೂ ಗೇರ್ ಬೀಳುತ್ತಿಲ್ಲವಾದರೆ ತೊಂದರೆ ಒಳಗೆ. ಗೇರ್‌ಬಾಕ್ಸ್ ಇಳಿಸುವ ಮಾತನ್ನು ಈಗ ಒಪ್ಪಬಹುದು. ಫೋರ್ಕ್ ಬರೀ ಐದಾರು ಮಿಲಿಮೀಟರ್ ಸರಿದರೆ, ಅಥವಾ ಸರಿದು ನಿಧಾನಕ್ಕೆ ಹಿಂದೆ ಬಂದರೆ ತೊಂದರೆ ಹೊರಗೆ, ಹೈಡ್ರಾಲಿಕ್‌ನಲ್ಲಿದೆ. ಈ ಹಂತದಲ್ಲಿ ಯಾರಾದರೂ ಕ್ಲಚ್ ಪ್ಲೇಟ್ ಬದಲಿಸಲು ಹೇಳಿದರೆ ಅಳತೆ ತೋರಿಸಿ ಬೇಡ ಅನ್ನಿ. ನಿಮ್ಮ ಮಾದರಿಗೆ ಸರಿಯಾದ ಅಳತೆ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅದೇ ಮಾದರಿಯ ಇನ್ನೊಂದು ಒಳ್ಳೆಯ ಗಾಡಿ ಸಿಕ್ಕರೆ ಅದರಲ್ಲಿ ಅಳೆದು ಹೋಲಿಸಿದರೂ ಆಯಿತು.

ಇದೇ ಹೊತ್ತಿನಲ್ಲಿ ಹೋಸ್ ಮೇಲೂ ಕಣ್ಣಿಡಿ. ಪೆಡಲ್ ಒತ್ತಿದಾಗ ಹಳೆಯ ರಬ್ಬರ್ ಹೋಸ್ ಉಬ್ಬುವುದು ಕಾಣಿಸಿದರೆ ಒತ್ತಡವೆಲ್ಲ ಅಲ್ಲಿ ಪೋಲಾಗುತ್ತಿದೆ. ಹೋಸ್ ಬದಲಿಸಿ.

ಮಾಸ್ಟರೋ, ಸ್ಲೇವೋ?

ತೊಂದರೆ ಹೈಡ್ರಾಲಿಕ್‌ನಲ್ಲಿದೆ ಅಂತಾಯಿತು. ಹೊರಗೆ ಸೋರಿಕೆ ಕಂಡಿದ್ದರೆ ಉತ್ತರ ಸಿಕ್ಕ ಹಾಗೆಯೇ. ಕಾಣದಿದ್ದರೆ ದಾರಿಯನ್ನು ಎರಡಾಗಿ ಕತ್ತರಿಸಿ ನೋಡಬೇಕು. ಸ್ಲೇವ್‌ಗೆ ಹತ್ತಿರದ ರಬ್ಬರ್ ಹೋಸನ್ನು ನುಣುಪು ದವಡೆಯ ಹೋಸ್ ಕ್ಲ್ಯಾಂಪಿನಿಂದ ಬಿಗಿಯಿರಿ. ಸಾದಾ ಇಕ್ಕಳ ಹಾಕಬೇಡಿ, ಅದರ ಹಲ್ಲು ಹೋಸಿನ ಒಳಪದರವನ್ನೇ ಸೀಳುತ್ತದೆ. ಈಗ ಪೆಡಲ್ ಒತ್ತಿ. ಮೇಲೆಯೇ ಕಲ್ಲಿನಷ್ಟು ಗಟ್ಟಿಯಾಗಿ ನಿಂತರೆ ಮಾಸ್ಟರ್ ಸರಿ ಇದೆ, ತೊಂದರೆ ಕ್ಲ್ಯಾಂಪಿನಿಂದ ಆಚೆ, ಸ್ಲೇವ್ ಕಡೆ. ಆಗಲೂ ನಿಧಾನಕ್ಕೆ ಕುಸಿದರೆ ಮಾಸ್ಟರ್ ಹೋಗಿದೆ. ಕುಸಿಯದೆ ಬರೀ ಪುಟಿದರೆ ಮೇಲಿನ ಭಾಗದಲ್ಲಿ ಗಾಳಿ ಇದೆ.

ಹೋಸ್ ಹಳತಾಗಿ ಬಿರುಕು ಬಿಟ್ಟಿದ್ದರೆ, ಅಥವಾ ಮೇಲೆ ಸ್ಟೀಲ್ ಜಾಲರಿ ಇದ್ದರೆ ಕ್ಲ್ಯಾಂಪ್ ಹಾಕಬಾರದು. ಆಗ ಮಾಸ್ಟರ್‌ನ ಪೈಪ್ ಬಿಚ್ಚಿ ಆ ಬಾಯಿಗೆ ಅದೇ ಥ್ರೆಡ್ಡಿನ ಡಮ್ಮಿ ಬೋಲ್ಟ್ ಹಾಕಿ ಇದೇ ಪರೀಕ್ಷೆ ಮಾಡಬಹುದು.

ಯಾವ ಆಯಿಲ್?

ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ, ಡಾಟ್ 3 ಅಥವಾ ಡಾಟ್ 4. ಇವೆರಡೂ ಗ್ಲೈಕಾಲ್ ಜಾತಿಯವು. ಡಾಟ್ 3 ಕೇಳುವ ಗಾಡಿಗೆ ಡಾಟ್ 4 ಹಾಕಬಹುದು. ಡಾಟ್ 5 ಮಾತ್ರ ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸಲೇಬಾರದು. ಹೆಸರು ಹತ್ತಿರವಿದ್ದರೂ ಡಾಟ್ 5.1 ಗ್ಲೈಕಾಲ್‌ನದೇ.

ಈ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ಡಾಟ್ 4ಕ್ಕೆ 230. ಶೇಕಡ 3.7ರಷ್ಟು ನೀರು ಸೇರಿದರೆ ಈ ಮಿತಿ 140 ಮತ್ತು 155ಕ್ಕೆ ಇಳಿಯುತ್ತದೆ. ಮಂಗಳೂರು, ಉಡುಪಿ, ಮಲೆನಾಡಿನ ಮಳೆಗಾಲದ ತೇವದಲ್ಲಿ ಓಡುವ ಗಾಡಿಗಳಿಗೆ ಇದು ಬರೀ ಪುಸ್ತಕದ ಲೆಕ್ಕವಲ್ಲ. ನೀರು ಸೇರಿದ ಆಯಿಲ್ ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಸುತ್ತದೆ, ಆ ತುಕ್ಕು ಸೀಲನ್ನು ಕೆರೆಯುತ್ತದೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಲಾರಿಗಳ ಹಿಂದೆ ಹಾಫ್ ಕ್ಲಚ್ಚಿನಲ್ಲಿ ತೆವಳುವಾಗ ಕ್ಲಚ್ ಪೆಡಲ್ ಮೆತ್ತಗಾಗಿ, ತಣ್ಣಗಾದ ಮೇಲೆ ಮತ್ತೆ ಸರಿಯಾದರೆ ಮೊದಲು ಅನುಮಾನ ಪಡಬೇಕಾದದ್ದು ಹಳೆಯ ಆಯಿಲ್ ಮೇಲೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಬದಲಿಸುವಾಗ ಕ್ಲಚ್ಚಿನ ಲೈನನ್ನು ಮರೆಯುವುದೇ ಜಾಸ್ತಿ. ಬಾಯಿಬಿಟ್ಟು ಕೇಳಿ ಮಾಡಿಸಿಕೊಳ್ಳಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಡಬ್ಬಿಗೆ ಎಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ಯಾವುದನ್ನೂ "ಸದ್ಯಕ್ಕೆ ಇರಲಿ" ಅಂತ ಹಾಕಬೇಡಿ. ಈ ರಬ್ಬರ್ ಸೀಲುಗಳು ಅದರಲ್ಲಿ ಊದಿಕೊಂಡು ಹಾಳಾಗುತ್ತವೆ. ಡಬ್ಬಿ ಒಂದೇ ಆಗಿದ್ದರೆ ಬ್ರೇಕಿನ ಸೀಲುಗಳೂ ಹೋಗುತ್ತವೆ. ಹಾಗೆ ಯಾರಾದರೂ ಹಾಕಿಬಿಟ್ಟಿದ್ದರೆ ಗಾಡಿ ಓಡಿಸಬೇಡಿ. ಲೈನ್ ಪೂರ್ತಿ ತೊಳೆದು ರಬ್ಬರ್ ಭಾಗಗಳನ್ನೆಲ್ಲ ಬದಲಿಸುವುದೇ ದಾರಿ.

ಏರ್ ತೆಗೆಯುವುದು

ಕ್ಲಚ್ ಹೈಡ್ರಾಲಿಕ್‌ನ ಅರ್ಧ ರಿಪೇರಿ ಇದೇ. ಅವಸರ ಪಟ್ಟರೆ ಕೈಕೊಡುವುದೂ ಇಲ್ಲೇ.

ಬೇಕಾದದ್ದು: ಸೀಲ್ ಒಡೆಯದ ಹೊಸ ಬ್ರೇಕ್ ಆಯಿಲ್ ಡಬ್ಬಿ, ಸ್ಲೇವ್‌ನ ಬ್ಲೀಡರ್ ನಿಪ್ಪಲ್‌ಗೆ (ಗಾಳಿ ಹೊರಬಿಡುವ ಸಣ್ಣ ತಿರುಪು) ಕೂರುವ ರಿಂಗ್ ಸ್ಪ್ಯಾನರ್, ಅಡಿ ಎರಡಡಿ ಪಾರದರ್ಶಕ ಟ್ಯೂಬು, ಒಂದು ಬಾಟಲಿ, ಹಳೆ ಬಟ್ಟೆ, ಪಕ್ಕದಲ್ಲಿ ಒಂದು ಬಕೆಟ್ ನೀರು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಬ್ರೇಕ್ ಆಯಿಲ್ ಗಾಡಿಯ ಬಣ್ಣವನ್ನು ಎಬ್ಬಿಸಿಬಿಡುತ್ತದೆ. ಬಿದ್ದರೆ ಒರೆಸಬೇಡಿ, ತಕ್ಷಣ ನೀರು ಹುಯ್ಯಿರಿ. ಬ್ಲೀಡರ್ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬಲಪ್ರಯೋಗ ಮಾಡಿದರೆ ತುಂಡಾಗುತ್ತದೆ, ಆಮೇಲೆ ಸ್ಲೇವ್ ಇಳಿಸದೆ ಬೇರೆ ದಾರಿ ಇರುವುದಿಲ್ಲ.

ಡಬ್ಬಿಯ ಮುಚ್ಚಳದ ಸುತ್ತ ಧೂಳು ಒರೆಸಿ ಮುಚ್ಚಳ ತೆಗೆಯಿರಿ. ಹಳೆಯ ಕಪ್ಪು ಆಯಿಲ್ಲನ್ನು ಸಿರಿಂಜಿನಲ್ಲಿ ಎಳೆದು ಹೊಸದನ್ನು ತುಂಬಿಸಿ. ಬ್ಲೀಡರ್‌ಗೆ ಟ್ಯೂಬು ಸಿಕ್ಕಿಸಿ ಇನ್ನೊಂದು ತುದಿಯನ್ನು ಬಾಟಲಿಯಲ್ಲಿ ಸ್ವಲ್ಪ ಆಯಿಲ್ ಹಾಕಿ ಅದರೊಳಗೆ ಮುಳುಗಿಸಿ. ಈಗ ಒಳಗೆ ಕೂತವರ ಜೊತೆ ಮಾತು ಸ್ಪಷ್ಟ ಇರಬೇಕು.

"ಒತ್ತಪ್ಪಾ."

"ಒತ್ತಿದೀನಿ ಅಣ್ಣ, ನೆಲಕ್ಕಿದೆ."

"ಹಿಡ್ಕೋ, ನಾನು ಹೇಳೋ ತನಕ ಬಿಡಬೇಡ."

ಆ ಉತ್ತರ ಬಂದ ಮೇಲೆ ಬ್ಲೀಡರ್ ಅರ್ಧ ಸುತ್ತು ಸಡಿಲಿಸಿ. ಟ್ಯೂಬಿನಲ್ಲಿ ಆಯಿಲ್ ಜೊತೆ ಗುಳ್ಳೆಗಳು ಓಡುವುದು ಕಾಣುತ್ತದೆ. ಹರಿವು ನಿಂತ ಕೂಡಲೇ ಬ್ಲೀಡರ್ ಮುಚ್ಚಿ, ಆಮೇಲೆ ಪೆಡಲ್ ಬಿಡಲು ಹೇಳಿ. ಈ ಕ್ರಮ ತಪ್ಪಿ ಬ್ಲೀಡರ್ ತೆರೆದಿರುವಾಗಲೇ ಪೆಡಲ್ ಮೇಲೆ ಬಂದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಪೆಡಲ್ ತಾನಾಗಿ ಮೇಲೆ ಬಾರದಿದ್ದರೆ ಕೈಯಿಂದ ಎತ್ತಲಿ. ಎರಡು ಮೂರು ಸೆಕೆಂಡ್ ಬಿಟ್ಟು ಮುಂದಿನ ಸಲ ಒತ್ತಲಿ. ದಡದಡ ಅಂತ ಪಂಪ್ ಮಾಡಿದರೆ ಗಾಳಿ ನೊರೆಯಾಗಿ ಹರಡಿ ಇನ್ನಷ್ಟು ಸತಾಯಿಸುತ್ತದೆ. ನಾಲ್ಕೈದು ಸಲಕ್ಕೊಮ್ಮೆ ಡಬ್ಬಿ ನೋಡಿ ತುಂಬಿಸಿ. ಡಬ್ಬಿ ಒಮ್ಮೆ ಖಾಲಿಯಾದರೆ ಮತ್ತೆ ಮೊದಲಿನಿಂದ.

ಗುಳ್ಳೆ ನಿಂತು, ತಿಳಿ ಆಯಿಲ್ ಬರತೊಡಗಿ, ಪೆಡಲ್ ಗಟ್ಟಿಯಾದರೆ ಮುಗಿಯಿತು. ಬ್ಲೀಡರ್ ಬಿಗಿ ಮಾಡಿ, ಅದರ ರಬ್ಬರ್ ಮುಚ್ಚಳ ಹಾಕಿ. ಸ್ಲೇವ್ ರಾಡ್ ಪರೀಕ್ಷೆ ಮತ್ತೊಮ್ಮೆ ಮಾಡಿ ಅಳತೆ ಹೋಲಿಸಿ. ಬಾಟಲಿಗೆ ಬಂದ ಆಯಿಲ್ಲನ್ನು ವಾಪಸ್ ಡಬ್ಬಿಗೆ ಹಾಕಬೇಡಿ, ಚರಂಡಿಗೂ ಸುರಿಯಬೇಡಿ. ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಎಷ್ಟು ಮಾಡಿದರೂ ಪೆಡಲ್ ಗಟ್ಟಿಯಾಗದಿರುವುದು ಕ್ಲಚ್ಚಿನಲ್ಲಿ ಸಾಮಾನ್ಯ, ಅದರಲ್ಲೂ ಮಾಸ್ಟರ್ ಅಥವಾ ಸ್ಲೇವ್ ಹೊಸದು ಹಾಕಿದಾಗ. ಗಾಳಿ ಮೇಲೇರಲು ನೋಡುತ್ತದೆ, ನಾವು ಅದನ್ನು ಕೆಳಗೆ ತಳ್ಳುತ್ತಿರುತ್ತೇವೆ. ಆಗ ಉಲ್ಟಾ ದಾರಿ ಹಿಡಿಯಿರಿ. ದೊಡ್ಡ ಸಿರಿಂಜಿನಲ್ಲಿ ಹೊಸ ಆಯಿಲ್ ತುಂಬಿ, ಟ್ಯೂಬಿನ ಗಾಳಿಯನ್ನೂ ಹೊರಹಾಕಿ, ಬ್ಲೀಡರ್ ಮೂಲಕ ನಿಧಾನವಾಗಿ ಮೇಲಕ್ಕೆ ತಳ್ಳಿ. ಮೇಲೆ ಡಬ್ಬಿಯಲ್ಲಿ ಗುಳ್ಳೆ ಎದ್ದು ಒಡೆಯುವುದು ಕಾಣುತ್ತದೆ. ಡಬ್ಬಿ ತುಂಬಿ ಚೆಲ್ಲದಂತೆ ಮೊದಲೇ ಸ್ವಲ್ಪ ಖಾಲಿ ಮಾಡಿರಿ. ಇನ್ನೊಂದು ಉಪಾಯ, ಸ್ಲೇವ್‌ನ ಎರಡು ಬೋಲ್ಟ್ ಬಿಚ್ಚಿ, ಹೋಸ್ ಹಾಗೇ ಇರಲಿ, ಬ್ಲೀಡರ್ ಎಲ್ಲಕ್ಕಿಂತ ಮೇಲೆ ಬರುವ ಹಾಗೆ ಓರೆ ಹಿಡಿಯುವುದು. ಅದರ ರಾಡನ್ನು ಕೈಯಿಂದ ನಿಧಾನವಾಗಿ ಪೂರ್ತಿ ಒಳಗೆ ಒತ್ತಿ ಹಿಡಿದರೆ ಒಳಗಿನ ಗಾಳಿ ಮೇಲಕ್ಕೆ ಹೋಗುತ್ತದೆ. ಸ್ಲೇವ್ ಹೀಗೆ ಬಿಚ್ಚಿರುವಾಗ ಯಾರೂ ಪೆಡಲ್ ತುಳಿಯಬಾರದು, ಪಿಸ್ಟನ್ ಹೊರಗೆ ಎಗರುತ್ತದೆ. ಗೇರ್‌ಬಾಕ್ಸ್ ಇಳಿಸಿರುವ ಸಿಎಸ್‌ಸಿ ಗಾಡಿಗೂ ಇದೇ ಮಾತು.

ಕಿಟ್ ಹಾಕುವುದೋ, ಹೊಸದೋ?

ಸಿಲಿಂಡರ್ ಬಿಚ್ಚಿ ಪಿಸ್ಟನ್ ತೆಗೆದು ಒಳಗೋಡೆಯನ್ನು ಬೆಳಕಿಗೆ ಹಿಡಿಯಿರಿ. ಕನ್ನಡಿಯ ಹಾಗೆ ನುಣುಪಾಗಿದ್ದರೆ ಕಿಟ್ ಸಾಕು. ಉಗುರಿಗೆ ತಾಗುವ ಗೀರು, ತುಕ್ಕಿನ ಗುಳಿ ಇದ್ದರೆ ಹೊಸ ಸಿಲಿಂಡರ್ ಹಾಕಿ. ಅಲ್ಯುಮಿನಿಯಂ ಸಿಲಿಂಡರನ್ನು ಎಮೆರಿಯಿಂದ ಉಜ್ಜಿ ಸರಿ ಮಾಡಲು ಹೋಗಬೇಡಿ. ಮೇಲ್ಪದರ ಹೋದರೆ ಹೊಸ ಸೀಲ್ ಕೂಡ ಬೇಗ ಸವೆಯುತ್ತದೆ. ಸೀಲುಗಳಿಗೆ ಗ್ರೀಸ್, ಡೀಸೆಲ್, ಪೆಟ್ರೋಲ್ ತಾಗಿಸಬೇಡಿ. ಹೊಸ ಬ್ರೇಕ್ ಆಯಿಲ್‌ನಲ್ಲೇ ತೊಳೆದು, ಅದರಲ್ಲೇ ಅದ್ದಿ ಕೂರಿಸಿ. ಸೀಲಿನ ತುಟಿ ಯಾವ ದಿಕ್ಕಿಗಿತ್ತು ಅನ್ನುವುದನ್ನು ಬಿಚ್ಚುವಾಗಲೇ ಫೋನಿನಲ್ಲಿ ಫೋಟೋ ತೆಗೆದಿಡಿ.

ಅಂಗಡಿಗೆ ಹೋಗುವಾಗ ಹಳೆಯ ಭಾಗವನ್ನು ಜೊತೆಗೆ ಒಯ್ಯಿರಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ನಿಮ್ಮೂರಿನ ಅಂಗಡಿಯಲ್ಲಾಗಲಿ, ಒಂದೇ ಮಾದರಿಗೆ ಎರಡು ಮೂರು ಅಳತೆಯ ಸಿಲಿಂಡರ್ ಇರಬಹುದು. ಪಕ್ಕದಲ್ಲಿಟ್ಟು ಒಳ ಅಳತೆ, ಪೈಪಿನ ಥ್ರೆಡ್ ಹೋಲಿಸಿ ತನ್ನಿ.

ಒಂದು ಸಿಲಿಂಡರ್ ಹೋದರೆ ಇನ್ನೊಂದನ್ನೂ ಬಿಚ್ಚಿ ನೋಡುವುದು ನನ್ನ ಸಲಹೆ. ಎರಡೂ ಅಷ್ಟೇ ವರ್ಷ ಅದೇ ಆಯಿಲ್‌ನಲ್ಲಿ ನೆನೆದಿರುತ್ತವೆ ಅಲ್ವಾ? ಮಾಸ್ಟರ್ ಹೊಸದಾಗಿ ಒತ್ತಡ ಏರಿದಾಗ ಸೋತ ಸ್ಲೇವ್ ಕೆಲವೇ ದಿನಗಳಲ್ಲಿ ಸೋರಲು ಶುರುವಾಗುವುದು ಉಂಟು.

ಹೈಡ್ರಾಲಿಕ್‌ನಿಂದ ಬರುವ ಸ್ಲಿಪ್

ಪೆಡಲ್ ಪೂರ್ತಿ ಬಿಟ್ಟಾಗ ಮಾಸ್ಟರ್ ಒಳಗಿನ ಒಂದು ಸಣ್ಣ ರಂಧ್ರ ತೆರೆದುಕೊಂಡು ಲೈನಿನ ಒತ್ತಡ ಡಬ್ಬಿಗೆ ವಾಪಸಾಗಬೇಕು. ಪೆಡಲ್ ರಾಡ್ ಉದ್ದ ಜಾಸ್ತಿಯಾಗಿ ಪಿಸ್ಟನ್ ಯಾವಾಗಲೂ ಸ್ವಲ್ಪ ಒತ್ತಿಕೊಂಡೇ ಇದ್ದರೆ ಆ ರಂಧ್ರ ಮುಚ್ಚಿಯೇ ಇರುತ್ತದೆ. ಬಿಸಿಯಾದಂತೆ ಆಯಿಲ್ ಹಿಗ್ಗಿ ಕ್ಲಚ್ಚನ್ನು ತಾನೇ ಅರ್ಧ ಒತ್ತಿ ಹಿಡಿಯುತ್ತದೆ. ಹೋಸ್ ಒಳಗಡೆ ಊದಿ ಆಯಿಲ್ ವಾಪಸ್ ಬಾರದಿದ್ದರೂ ಇದೇ ಪರಿಣಾಮ. ಒಳ್ಳೆಯ ಪ್ಲೇಟ್ ಸ್ಲಿಪ್ ಆಗಿ ಸುಡುತ್ತದೆ. ಮಾಸ್ಟರ್ ಬದಲಿಸಿದ ಸ್ವಲ್ಪ ದಿನಕ್ಕೇ ಸ್ಲಿಪ್ ಶುರುವಾದರೆ ಇದನ್ನೇ ಮೊದಲು ನೋಡಬೇಕು.

ಪರೀಕ್ಷೆ ಹೀಗೆ. ಗಾಡಿ ಓಡಿ ಬಿಸಿಯಾಗಿ ಸ್ಲಿಪ್ ಆಗುತ್ತಿರುವಾಗಲೇ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಸೈಲೆನ್ಸರ್ ಪೈಪಿನ ಬಿಸಿಯಿಂದ ಕೈ ದೂರ ಇಟ್ಟು ಬ್ಲೀಡರ್ ಸಡಿಲಿಸಿ. ಪೆಡಲ್ ಯಾರೂ ಒತ್ತಿಲ್ಲದಿದ್ದರೂ ಆಯಿಲ್ ಚಿಮ್ಮಿ, ಫೋರ್ಕ್ ಹಿಂದೆ ಸರಿದು, ಬ್ಲೀಡರ್ ಮುಚ್ಚಿ ಓಡಿಸಿದಾಗ ಸ್ಲಿಪ್ ನಿಂತಿದ್ದರೆ ಲೈನಿನಲ್ಲಿ ಒತ್ತಡ ಸಿಕ್ಕಿಬಿದ್ದಿತ್ತು. ಪೆಡಲ್ ರಾಡಿನ ಲಾಕ್ ನಟ್ ಸಡಿಲಿಸಿ, ರಾಡ್ ಮತ್ತು ಪಿಸ್ಟನ್ ನಡುವೆ ಒಂದೆರಡು ಮಿಲಿಮೀಟರ್ ಸಡಿಲ ಬರುವ ಹಾಗೆ ಹೊಂದಿಸಿ. ಪೆಡಲನ್ನು ಬೆರಳಿನಿಂದ ಒತ್ತಿದಾಗ ಶುರುವಿನಲ್ಲಿ ಆ ಸಡಿಲ ಕೈಗೆ ಗೊತ್ತಾಗಬೇಕು. ಸಡಿಲ ಸರಿ ಇದ್ದರೆ ಹೋಸ್ ಬದಲಿಸಿ.

ಬ್ಲೀಡರ್ ತೆರೆದರೂ ಏನೂ ಬದಲಾಗದಿದ್ದರೆ ಪ್ಲೇಟ್ ಸವೆದಿದೆ ಅಥವಾ ಅದಕ್ಕೆ ಆಯಿಲ್ ತಾಗಿದೆ.

ಗೇರ್‌ಬಾಕ್ಸ್ ಇಳಿಸಲೇಬೇಕಾದಾಗ

ರಾಡ್ ಸರಿಯಾಗಿ ಚಲಿಸಿಯೂ ಕ್ಲಚ್ ಬಿಡದಿದ್ದರೆ, ಪೆಡಲ್ ತುಳಿದಾಗ ಮಾತ್ರ ಕಿರ್ರ್ ಸದ್ದು ಬಂದರೆ, ಸಿಎಸ್‌ಸಿ ಸೋರಿದರೆ ಇಳಿಸಲೇಬೇಕು. ಆ ಸದ್ದು ರಿಲೀಸ್ ಬೇರಿಂಗಿನದು. ಪೆಡಲ್ ಬಿಟ್ಟಾಗ ಬಂದು ತುಳಿದಾಗ ನಿಲ್ಲುವ ಸದ್ದು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗಿನದು. ಇಳಿಸಿದ ಮೇಲೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ. ಕೂಲಿಯೇ ದೊಡ್ಡ ಖರ್ಚು, ಎರಡು ಸಲ ಕೊಡುವುದು ಬೇಡ. ಫೋರ್ಕ್ ಬಾಗಿದೆಯೇ, ಅದು ಕೂರುವ ಗುಂಡು ಸವೆದಿದೆಯೇ, ಎಂಜಿನ್ನಿನ ಹಿಂದಿನ ಸೀಲ್ ಸೋರುತ್ತಿದೆಯೇ ಅಂತಲೂ ನಿಂತು ನೋಡಿ.

ಕರಾವಳಿ, ಮಲೆನಾಡಿನವರಿಗೆ ಒಂದು ವಿಶೇಷ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯ ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲ್‌ಗೆ, ಅಂದರೆ ಎಂಜಿನ್ ತಿರುಗಿಸುವ ದೊಡ್ಡ ಚಕ್ರಕ್ಕೆ, ಅಂಟಿಕೊಳ್ಳುತ್ತದೆ. ಪೆಡಲ್ ಸರಿ, ರಾಡ್ ಸರಿ, ಗೇರ್ ಬೀಳುವುದಿಲ್ಲ. ಗೇರ್‌ಬಾಕ್ಸ್ ಇಳಿಸುವ ಮೊದಲು ಒಂದು ಪ್ರಯತ್ನ ಮಾಡಬಹುದು. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ ಬಿಸಿ ಮಾಡಿ ಆಫ್ ಮಾಡಿ. ಎದುರಿಗೆ ಯಾರೂ ಇಲ್ಲದ ವಿಶಾಲ ಜಾಗದಲ್ಲಿ ಸೆಕೆಂಡ್ ಗೇರ್ ಹಾಕಿ, ಕ್ಲಚ್ ಪೂರ್ತಿ ತುಳಿದು ಸ್ಟಾರ್ಟ್ ಮಾ‌ಡಿ. ಗಾಡಿ ತಾನೇ ಮುಂದೆ ಹೋಗುತ್ತದೆ. ಕ್ಲಚ್ ತುಳಿದೇ ಇಟ್ಟು ಬ್ರೇಕ್ ಗಟ್ಟಿಯಾಗಿ ಒತ್ತಿ. ಬಹಳ ಸಲ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಮೂರ್ನಾಲ್ಕು ಸಲಕ್ಕೂ ಬಿಡದಿದ್ದರೆ ನಿಲ್ಲಿಸಿ.

ದಾರಿಯಲ್ಲಿ ಕೈಕೊಟ್ಟರೆ

ಮೊದಲು ಬ್ರೇಕ್ ಒತ್ತಿ ನೋಡಿ. ಬ್ರೇಕ್ ಮೆತ್ತಗಿದ್ದರೆ ಅಥವಾ ಬ್ರೇಕಿನ ಎಚ್ಚರಿಕೆ ದೀಪ ಹತ್ತಿದ್ದರೆ ಗಾಡಿ ಒಂದಡಿಯೂ ಮುಂದೆ ಹೋಗಬಾರದು. ಬ್ರೇಕ್ ಸರಿ ಇದ್ದರೆ ಕ್ಲಚ್ ಪೆಡಲನ್ನು ಏಳೆಂಟು ಸಲ ಪಂಪ್ ಮಾಡಿ, ಒಂದು ಗೇರ್ ಬೀಳುವಷ್ಟು ಒತ್ತಡ ಸಿಗಬಹುದು. ಡಬ್ಬಿ ಖಾಲಿ ಇದ್ದರೆ ಹತ್ತಿರದ ಅಂಗಡಿಯಿಂದ ಡಾಟ್ 3 ಅಥವಾ 4 ತಂದು ತುಂಬಿಸಿ.

ಏನೂ ಆಗದೆ ಗಾಡಿ ರಸ್ತೆ ಮಧ್ಯೆ ನಿಂತಿದ್ದರೆ, ಎಂಜಿನ್ ಆಫ್ ಮಾಡಿ ಫಸ್ಟ್ ಗೇರ್ ಹಾಕಿ, ಎದುರಿಗೆ ಜನ, ಗಾಡಿ ಇಲ್ಲದ್ದನ್ನು ನೋಡಿಕೊಂಡು ಕೀ ತಿರುಗಿಸಿ. ಸ್ಟಾರ್ಟರ್ ಮೋಟಾರೇ ಗಾಡಿಯನ್ನು ಎಳೆದು ಎಂಜಿನ್ ಹತ್ತುತ್ತದೆ. ಕ್ಲಚ್ ತುಳಿಯದೆ ಸ್ಟಾರ್ಟ್ ಆಗದ ಗಾಡಿಯಾದರೆ ಪೆಡಲ್ ತುಳಿದೇ ಕೀ ತಿರುಗಿಸಿ, ಹೇಗೂ ಕ್ಲಚ್ ಬಿಡುವುದಿಲ್ಲ. ಫಸ್ಟ್ ಗೇರಿನಲ್ಲೇ ಮೆಲ್ಲಗೆ ರಸ್ತೆ ಬದಿಗೆ ತಂದು, ನಿಲ್ಲುವ ಮುಂಚೆ ಆಕ್ಸಿಲರೇಟರ್ ಬಿಟ್ಟು ನ್ಯೂಟ್ರಲ್‌ಗೆ ಎಳೆದು ಬ್ರೇಕ್ ಹಾಕಿ. ಇದು ಗಾಡಿಯನ್ನು ಸುರಕ್ಷಿತ ಜಾಗಕ್ಕೆ ತರಲು ಮಾತ್ರ. ಘಾಟಿಯಲ್ಲಿ, ಪೇಟೆಯ ಸಿಗ್ನಲ್‌ಗಳ ನಡುವೆ ಹೀಗೆ ಓಡಿಸಿಕೊಂಡು ಮನೆಗೆ ಹೋಗಲು ನೋಡಬೇಡಿ, ಟೋ ಮಾಡುವ ಗಾಡಿ ಕರೆಸಿ. ಅದು ಬರುವಷ್ಟರಲ್ಲಿ ಪೆಡಲ್ ಹಿಂದಿನ ಕಾರ್ಪೆಟ್ಟನ್ನೂ ಸ್ಲೇವ್ ಕೆಳಗಿನ ನೆಲವನ್ನೂ ನೋಡಿ, ಒದ್ದೆ ಕಂಡರೆ ಫೋಟೋ ತೆಗೆದು ಮೆಕ್ಯಾನಿಕ್‌ಗೆ ಕಳಿಸಿ. ಯಾವ ಸಿಲಿಂಡರಿನ ಕಿಟ್ ತರಿಸಿಡಬೇಕು ಅಂತ ಅವರಿಗೆ ಮೊದಲೇ ತಿಳಿಯುತ್ತದೆ.